ಕಂಪ್ಯೂಟರ್ ನೋಡಿಕೊಳ್ಳುವವರಿಗೆ ಕಲಿಯಲು ಹೊತ್ತು ಕೊಡಿ

ಮಾನ್ಯ ಸಂಪಾದಕರೇ,

ಹೊಸನಗರ ತಾಲ್ಲೂಕಿನ ಸಹಕಾರ ಸಂಘವೊಂದರ ಕಂಪ್ಯೂಟರ್‌ಗಳನ್ನೂ ಸದಸ್ಯರ ದಾಖಲೆಯಿರುವ ಸರ್ವರನ್ನೂ ನೋಡಿಕೊಳ್ಳುವವನು ನಾನು. ಹೊರಗಿನವರಿಗೆ ವರ್ಷಾವರ್ಷ ದುಡ್ಡು ಸುರಿಯುವ ಬದಲು ನಮ್ಮದನ್ನು ನಾವೇ ನಿಭಾಯಿಸೋಣ ಎಂದು ಆಡಳಿತ ಮಂಡಳಿ ತೀರ್ಮಾನಿಸಿತು. ಅದು ಸರಿಯೆಂದೇ ಈಗಲೂ ನನ್ನ ಅಭಿಪ್ರಾಯ. ಆದರೆ ಎರಡು ದಿನದ ತರಬೇತಿಗೆ ಹೋಗಿಬರುತ್ತೇನೆ ಎಂದು ಅರ್ಜಿ ಕೊಟ್ಟರೆ, ‘ಎಂಜಿನಿಯರಿಂಗ್ ಓದಿದವರಿಗೆ ಇನ್ನೆಂಥ ತರಬೇತಿ ಮಾರಾಯರೇ’ ಎಂದು ನಕ್ಕು ಕಡತ ಮಡಚಿದರು.

ಈ ಕಸುಬಿನಲ್ಲಿ ನಿನ್ನೆ ಓದಿದ್ದೇ ಇಂದು ತಿರುವುಮುರುವಾಗುತ್ತದೆ. ಕೆಲವು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಲೇಬೇಕು ಎಂಬುದು ಒಂದು ಕಾಲಕ್ಕೆ ವೇದವಾಕ್ಯ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲಿ ಆ ಸಲಹೆಯನ್ನೇ ಕೈಬಿಟ್ಟಿತು. ಬಲವಂತ ಮಾಡಿದರೆ ಜನ ಹಳೆಯದರ ಕೊನೆಗೊಂದು ಅಂಕಿ ಅಂಟಿಸಿ ಸುಮ್ಮನಾಗುತ್ತಾರೆ. ಸೋರಿಕೆಯಾದದ್ದು ತಿಳಿದಾಗ ಬದಲಿಸಿದರೆ ಸಾಕು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ, ಎಂದರೆ ದೋಷ ತಿದ್ದುವ ನವೀಕರಣ, 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಜಾಲತಾಣ ಅಸಲಿಯೆಂದು ಬ್ರೌಸರಿಗೆ ತೋರಿಸುವ ಭದ್ರತಾ ಪ್ರಮಾಣಪತ್ರದ ಗರಿಷ್ಠ ಅವಧಿ 398 ದಿನವಿದ್ದದ್ದು, 2026ರ ಮಾರ್ಚ್ 15ರಿಂದ 200 ದಿನ, 2029ರ ಮಾರ್ಚ್‌ನಿಂದ ಬರೀ 47 ದಿನ ಎಂದು ನಿಗದಿಯಾಗಿದೆ. ವರ್ಷಕ್ಕೊಮ್ಮೆ ಕೈಯಿಂದ ನವೀಕರಿಸಿ ನಿಶ್ಚಿಂತೆಯಿಂದಿದ್ದವರು ಆ ಕೆಲಸವನ್ನು ಯಂತ್ರವೇ ಮಾಡಿಕೊಳ್ಳುವಂತೆ ಹೊಂದಿಸುವುದನ್ನು ಕಲಿಯದೆ ಗತ್ಯಂತರವಿಲ್ಲ.

ಶನಿವಾರ ಕೌಂಟರ್ ಮುಚ್ಚಿದ ಮೇಲೆ ಬ್ಯಾಕಪ್ ಡಿಸ್ಕ್‌ನಲ್ಲಿರುವುದನ್ನು ಮೂಲೆಯ ಹಳೆಯ ಕಂಪ್ಯೂಟರಿಗೆ ಇಳಿಸುತ್ತೇನೆ. ಯಾರಾದರೊಬ್ಬ ಸದಸ್ಯರ ಸಾಲದ ಖಾತೆ ತೆರೆದು, ಅಸಲು, ಬಡ್ಡಿ, ಕೊನೆಯ ಕಂತು ಕಟ್ಟಿದ ದಿನಾಂಕ ಎಲ್ಲವನ್ನೂ ಲೆಡ್ಜರ್ ಜೊತೆ ತಾಳೆ ನೋಡುತ್ತೇನೆ. ಬ್ಯಾಕಪ್ ಮುಗಿಯಿತು ಎಂದು ಪರದೆ ಹೇಳಿದ ಮಾತ್ರಕ್ಕೆ ಆ ಕಡತ ನಾಳೆ ತೆರೆದುಕೊಳ್ಳುತ್ತದೆ ಎಂದೇನಿಲ್ಲ. ನಾವು ಬಳಸುವ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ದತ್ತಾಂಶ ಕಡತಗಳನ್ನು ಮುಂದಿನ ಪ್ರಧಾನ ಆವೃತ್ತಿಗೆ ಹಾಗೆಯೇ ನಕಲು ಮಾಡಿಟ್ಟರೆ ಅದು ಓದುವುದೇ ಇಲ್ಲ. ಸಾಗಿಸುವ ಕ್ರಮವೇ ಬೇರೆ. ಪ್ರತಿ ಸಲವೂ ಹೊಸ ಆವೃತ್ತಿಯ ಟಿಪ್ಪಣಿ ಓದಿ, ಒಮ್ಮೆ ಮಾಡಿ ನೋಡಿಯೇ ಮುಟ್ಟಬೇಕು. ದಾರಿಯಲ್ಲಿ ಹೋಗುವವರಿಗೆ ನಾನು ಸುಮ್ಮನೆ ಕೂತಂತೆ ಕಾಣುತ್ತದೆ, ಕಾಣಲಿ!

ನಮ್ಮ ನಿರ್ದೇಶಕರಲ್ಲಿ ಹೆಚ್ಚಿನವರು ಅಡಿಕೆ ಬೆಳೆಗಾರರು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸಿ ಹೊಡೆಸುವುದರಲ್ಲಿ ಪಳಗಿದವರೂ ಎಲೆಚುಕ್ಕಿ ರೋಗ ತೋಟಕ್ಕೆ ಬಂದಾಗ ವಿಜ್ಞಾನಿಗಳ ಸಭೆಗೆ ಹೋಗಿ ಮುಂದಿನ ಸಾಲಿನಲ್ಲೇ ಕುಳಿತರು. ‘ಇಷ್ಟು ವರ್ಷ ತೋಟ ಮಾಡಿದವರಿಗೆ ಇದೆಲ್ಲ ಯಾಕೆ’ ಎಂದು ಯಾರೂ ಅವರನ್ನು ಕೇಳಲಿಲ್ಲ.

ಮಲೆನಾಡಿನ ಸಂಘಗಳ ಮಹಾಸಭೆಗಳು ಸೆಪ್ಟೆಂಬರಿನಲ್ಲಿ ನಡೆಯುತ್ತವೆ. ಹೊಸ ಕಂಪ್ಯೂಟರ್ ಖರೀದಿಗೆ ಹಣ ಎತ್ತಿಡುವಾಗ ಅದನ್ನು ನೋಡಿಕೊಳ್ಳುವವರ ತರಬೇತಿಗೂ ಒಂದು ಬಾಬ್ತು ಇರಲಿ. ವಾರದಲ್ಲಿ ಅರ್ಧ ದಿನದ ಓದು ಕೆಲಸದ ವೇಳೆಯೆಂದೇ ಲೆಕ್ಕಕ್ಕೆ ಬರಲಿ. ನನ್ನ ಜೊತೆ ಇನ್ನೊಬ್ಬ ಸಿಬ್ಬಂದಿಯೂ ಕಲಿಯಲಿ. ನಾನು ಜ್ವರ ಬಂದು ಮಲಗಿದ ದಿನ ಸಾಲ ವಿತರಣೆ ನಿಲ್ಲಬಾರದು.

— ಸಹಕಾರ ಸಂಘವೊಂದರ ಕಂಪ್ಯೂಟರ್ ನಿರ್ವಾಹಕ, ಹೊಸನಗರ