ಮೀನಿಗೆ ನೆಲದ ಹಂಬಲವಿರಲಿಲ್ಲ

ಪ್ರೀತಿಯ ತಂಗಿ,

ನಿನ್ನ ಲೇಖನ ತಲುಪಿತು. ಕಶೇರುಕಗಳು, ಅಂದರೆ ಬೆನ್ನುಮೂಳೆಯುಳ್ಳ ಪ್ರಾಣಿಗಳು, ನೀರು ಬಿಟ್ಟು ನೆಲಕ್ಕೆ ಬಂದ ಕಥೆಯನ್ನು ಭಾನುವಾರದ ಪುರವಣಿಯ ಓದುಗರಿಗಾಗಿ ಬರೆಯಲು ಹೊರಟಿದ್ದೀಯೆ. ವಿಷಯದ ಆಯ್ಕೆಗೆ ಶಹಬ್ಬಾಸ್. ಭಾಷೆಯೂ ಚುರುಕಾಗಿದೆ. ಆದರೆ ಎರಡನೆಯ ಪ್ಯಾರಾದಲ್ಲಿ ‘ನೆಲದ ಮೇಲೆ ನಡೆಯಲೆಂದು ಮೀನುಗಳು ಕಾಲು ಬೆಳೆಸಿಕೊಂಡವು’ ಎಂದಿದ್ದೀಯೆ. ಮುಂದಿನ ಪುಟದಲ್ಲಿ ‘ಗಾಳಿ ಸೇವಿಸಲೆಂದು ಶ್ವಾಸಕೋಶ ಪಡೆದವು’, ಅದರ ಕೆಳಗೆ ‘ಸದ್ದು ಕೇಳಲೆಂದು ಕಿವಿಯ ಮೂಳೆ ಪಡೆದವು’. ಲೇಖನ ನಿಂತಿರುವುದೇ ಈ ಮೂರು ವಾಕ್ಯಗಳ ಮೇಲೆ, ಮೂರೂ ತಪ್ಪು. ಹಾಗಾಗಿ ಈ ಕಾಗದ ಉದ್ದವಾದರೆ ಬೇಸರಿಸಬೇಡ.

ಕಾಲಿನ ವಿಚಾರ ಮೊದಲು. ಪೂರ್ವ ಗ್ರೀನ್‌ಲೆಂಡ್‌ನ ಬೆಟ್ಟಗಳಲ್ಲಿ ಸಿಕ್ಕಿದ ಅಕಾಂಥೊಸ್ಟೆಗಾ ಎಂಬ ಪ್ರಾಣಿಯನ್ನು ನೀನು ಒಂದೇ ಸಾಲಿನಲ್ಲಿ ಮುಗಿಸಿದ್ದೀಯೆ. ನನ್ನನ್ನು ಕೇಳಿದರೆ ನಿನ್ನ ಲೇಖನದ ಜೀವ ಇರುವುದೇ ಅಲ್ಲಿ. ಕೇಂಬ್ರಿಜ್‌ನ ಪಳೆಯುಳಿಕೆ ತಜ್ಞೆ ಜೆನ್ನಿ ಕ್ಲ್ಯಾಕ್ 1987ರಲ್ಲಿ ಅಲ್ಲಿಗೆ ಹೋದದ್ದು ಕುರುಡು ಹುಡುಕಾಟಕ್ಕಲ್ಲ. ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ 1970ರ ಸುಮಾರಿಗೆ ಬೇರೆ ಕೆಲಸಕ್ಕೆಂದು ಆ ಬೆಟ್ಟಗಳಿಗೆ ಹೋದವನು ಒಂದಷ್ಟು ಪಳೆಯುಳಿಕೆಗಳನ್ನು ತಂದಿದ್ದ, ಟಿಪ್ಪಣಿ ಪುಸ್ತಕವನ್ನೂ ಉಳಿಸಿದ್ದ. ಅವನ್ನು ಕ್ಲ್ಯಾಕ್ ಓದಿದರು, ದಾರಿ ತಿಳಿಯಿತು. ಅಲ್ಲಿಂದ ತಂದ ಕಲ್ಲುಗಳನ್ನು ಪ್ರಯೋಗಾಲಯದಲ್ಲಿ ಕೆರೆದು ಬಿಡಿಸಿದಾಗ ಮುಂಗಾಲೊಂದು ಹೊರಬಂತು. ಅದರಲ್ಲಿ ಎಂಟು ಬೆರಳುಗಳಿದ್ದವು. 1990ರಲ್ಲಿ ಕ್ಲ್ಯಾಕ್ ಮತ್ತು ಮೈಕೇಲ್ ಕೋಟ್ಸ್ ಇದನ್ನು ಪ್ರಕಟಿಸುವವರೆಗೂ ನಾಲ್ಕು ಕಾಲಿನ ಪ್ರಾಣಿಗೆ ಮೊದಲಿನಿಂದಲೂ ಐದೇ ಬೆರಳು ಎಂದು ಪಠ್ಯಪುಸ್ತಕಗಳು ನಂಬಿದ್ದವು. ಅದೇ ಸೀಮೆಯ ಇಕ್ಥಿಯೊಸ್ಟೆಗಾದ ಹಿಂಗಾಲಿನಲ್ಲಿ ಏಳು, ರಷ್ಯಾದ ಟುಲೆರ್ಪೆಟಾನ್‌ನಲ್ಲಿ ಆರು. ಐದಕ್ಕೆ ಬಂದು ನಿಂತದ್ದು ಆಮೇಲಿನ ಮಾತು.

ಬೆರಳಿನ ಲೆಕ್ಕಕ್ಕೆ ಬೆರಗಾಗಿ ಅಲ್ಲೇ ನಿಂತುಬಿಡಬೇಡ, ಉಳಿದ ದೇಹವನ್ನೂ ನೋಡು. ಮುಂದೋಳಿನ ಎರಡು ಮೂಳೆಗಳಲ್ಲಿ ಒಂದು ಉದ್ದ, ಇನ್ನೊಂದು ಮೋಟು. ಹಾಗಿದ್ದರೆ ಮೈಭಾರ ಎರಡರ ಮೇಲೂ ಸಮನಾಗಿ ಬೀಳುವುದಿಲ್ಲ. ಮಣಿಕಟ್ಟು ಗಟ್ಟಿಯಿಲ್ಲ. ಪಕ್ಕೆಲುಬುಗಳು ಗಿಡ್ಡ, ನೆಲದ ಮೇಲೆ ಮಲಗಿದರೆ ಒಳಗಿನ ಅಂಗಗಳನ್ನು ಕಾಯಲಾರವು. ಬಾಲದ ಉದ್ದಕ್ಕೂ ಮೀನಿನ ರೆಕ್ಕೆ. ಗಂಟಲಿನ ಮೂಳೆಗಳಲ್ಲಿ ಕಿವಿರಿನ ರಕ್ತನಾಳಗಳು ಹಾದುಹೋದ ತೋಡುಗಳು ಸ್ಪಷ್ಟವಾಗಿವೆ. ಅಂದರೆ ಕಾಲಿದೆ, ಬೆರಳಿದೆ, ಪ್ರಾಣಿ ಮಾತ್ರ ನೀರಿನದು. ಸುಮಾರು 36.5 ಕೋಟಿ ವರ್ಷಗಳ ಹಿಂದೆ ಈ ಕಾಲುಗಳು ನಡೆಯುವ ಕೆಲಸ ಮಾಡುತ್ತಿರಲಿಲ್ಲ.

ಹಾಗಾದರೆ ಏನು ಮಾಡುತ್ತಿದ್ದವು? ಈ ಪ್ರಶ್ನೆಯನ್ನು ನೀನು ಕೇಳಿಕೊಂಡಿದ್ದರೆ ಲೇಖನದ ದಾರಿಯೇ ಬದಲಾಗುತ್ತಿತ್ತು. ಅಕಾಂಥೊಸ್ಟೆಗಾ ಬದುಕಿದ್ದ ಡೆವೋನಿಯನ್ ಯುಗದ ಕೊನೆಯ ಭಾಗದಲ್ಲಿ ನದಿದಂಡೆಗಳಲ್ಲಿ ಮರಗಳು ಎದ್ದಿದ್ದವು, ಎಲೆ ಕಡ್ಡಿಗಳು ನೀರಿಗೆ ಬಿದ್ದು ಕೊಳೆಯುತ್ತಿದ್ದವು. ಬೆಚ್ಚಗಿನ ನೀರು ಆಮ್ಲಜನಕವನ್ನು ಹೆಚ್ಚು ಹಿಡಿದಿಡುವುದಿಲ್ಲ, ಕೊಳೆಯುವಿಕೆ ಉಳಿದದ್ದನ್ನೂ ತಿಂದುಹಾಕುತ್ತದೆ. ಅಂಥ ಆಳವಿಲ್ಲದ, ಕಳೆ ಕಡ್ಡಿ ತುಂಬಿದ ನೀರಿನಲ್ಲಿ ಬಾಲ ಬೀಸಿ ಓಡುವುದಕ್ಕಿಂತ ತಳವನ್ನು ಒತ್ತಿ ಸರಿಯುವುದು, ಹೊಂಚು ಹಾಕಿ ಕೂರುವುದು, ತಲೆಯೆತ್ತಿ ಒಂದು ಗುಟುಕು ಗಾಳಿ ಕುಡಿಯುವುದು ಲಾಭದ ಕೆಲಸ. ಅದಕ್ಕೆ ಬಲವಾದ ಕಾಲು ಬೇಕು. ನೆಲ ಆ ಲೆಕ್ಕದಲ್ಲೇ ಇರಲಿಲ್ಲ.

ಹಿಂದೆ ಅಮೆರಿಕದ ಪಳೆಯುಳಿಕೆ ತಜ್ಞ ಆಲ್ಫ್ರೆಡ್ ರೋಮರ್ ಬೇರೆ ಕಥೆ ಹೇಳಿದ್ದರು. ಬರಗಾಲದಲ್ಲಿ ಹೊಂಡ ಬತ್ತಿದಾಗ ಮೀನು ತೆವಳಿಕೊಂಡು ಇನ್ನೊಂದು ಹೊಂಡ ಸೇರುತ್ತಿತ್ತು, ನೀರಿನಲ್ಲೇ ಉಳಿಯುವ ಆ ಹೋರಾಟ ಕಾಲನ್ನು ರೂಪಿಸಿತು ಎಂದು. ಎಷ್ಟು ಚಂದದ ಕಥೆ ನೋಡು! ದಶಕಗಳ ಕಾಲ ಎಲ್ಲರೂ ಅದನ್ನೇ ಬರೆದರು. ಕಾಲು ಮೊದಲು ನೀರಿನೊಳಗೇ ಬಂದಿತ್ತು ಎಂದು ಗ್ರೀನ್‌ಲೆಂಡ್‌ನ ಮೂಳೆಗಳು ತೋರಿಸಿದ ಮೇಲೆ ಅದಕ್ಕೆ ಆಧಾರ ಉಳಿಯಲಿಲ್ಲ. ನಿನ್ನ ಮೂರನೆಯ ಪುಟದಲ್ಲಿ ಆ ಬತ್ತಿದ ಹೊಂಡ ಇನ್ನೂ ಹಾಗೇ ಇದೆ. ತೆಗೆ. ಆದರೆ ರೋಮರ್ ಅವರನ್ನು ಗೇಲಿ ಮಾಡಲು ಹೋಗಬೇಡ. ತಮ್ಮ ಕಾಲದ ಪುರಾವೆಗೆ ಅವರು ನ್ಯಾಯ ಸಲ್ಲಿಸಿದ್ದರು, ಮೇಲಾಗಿ ಮೀನಿಗೆ ನೆಲದ ಆಸೆಯಿತ್ತು ಎಂದು ಅವರೂ ಹೇಳಲಿಲ್ಲ.

ಟಿಕ್ಟಾಲಿಕ್ ಎಂಬ ಪಳೆಯುಳಿಕೆ ಮೀನಿನ ಬಗ್ಗೆ ನೀನು ಬರೆದ ಭಾಗ ಚೆನ್ನಾಗಿದೆ. ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ 2004ರಲ್ಲಿ ನೀಲ್ ಶುಬಿನ್, ಟೆಡ್ ಡೇಶ್ಲರ್, ಫ್ಯಾರಿಶ್ ಜೆಂಕಿನ್ಸ್ ಅವರ ತಂಡಕ್ಕೆ ಸಿಕ್ಕಿತು, 2006ರಲ್ಲಿ ಪ್ರಕಟವಾಯಿತು, ವಯಸ್ಸು ಸುಮಾರು 37.5 ಕೋಟಿ ವರ್ಷ. ಎಲ್ಲ ಸರಿ. ಅದು ಅಕಸ್ಮಾತ್ತಾಗಿ ಸಿಕ್ಕಿದ್ದಲ್ಲ ಎಂಬುದನ್ನೂ ಸೇರಿಸು. ಎಷ್ಟು ಹಳೆಯ ಕಲ್ಲು ಬೇಕು, ಎಂಥ ಕಲ್ಲು ಬೇಕು, ಅದು ಎಲ್ಲಿ ನೆಲದ ಮೇಲೆ ತೆರೆದುಕೊಂಡಿದೆ ಎಂದು ಭೂವಿಜ್ಞಾನದ ನಕ್ಷೆ ನೋಡಿ ಜಾಗ ಆರಿಸಿ, ವರ್ಷಗಟ್ಟಲೆ ಬೇಸಿಗೆಯ ಕೆಲವೇ ವಾರಗಳಲ್ಲಿ ಹುಡುಕಿದ್ದರು. ಈಗ ಹಿಮದ ನಾಡಾದ ಆ ದ್ವೀಪ ಆಗ ಸಮಭಾಜಕ ವೃತ್ತದ ಬಳಿಯಲ್ಲಿತ್ತು ಎಂದರೆ ಓದುಗರು ಕಣ್ಣರಳಿಸುತ್ತಾರೆ. ಟಿಕ್ಟಾಲಿಕ್‌ನ ಮೈಮೇಲೆ ಹುರುಪೆ, ಬದಿಯಲ್ಲಿ ಈಜುರೆಕ್ಕೆ. ಆ ರೆಕ್ಕೆಯೊಳಗೆ ಭುಜ, ಮೊಣಕೈ, ಮಣಿಕಟ್ಟಿನ ಮೂಳೆಗಳು. ಗರಡಿಮನೆಯಲ್ಲಿ ದಂಡ ಹೊಡೆಯುವವರ ಹಾಗೆ ಅದು ಮುಂಭಾಗವನ್ನು ಮೇಲೆತ್ತಬಲ್ಲದಾಗಿತ್ತು. ನೀನು ಬಿಟ್ಟದ್ದು ಕತ್ತು. ಸಾಮಾನ್ಯವಾಗಿ ಮೀನಿನ ತಲೆಯನ್ನು ಮೂಳೆಯ ಫಲಕಗಳು ಭುಜಕ್ಕೆ ಬಿಗಿದಿರುತ್ತವೆ, ತಲೆ ತಿರುಗಿಸಬೇಕಾದರೆ ಮೀನು ಮೈಯನ್ನೇ ತಿರುಗಿಸಬೇಕು. ಟಿಕ್ಟಾಲಿಕ್‌ನಲ್ಲಿ ಆ ಫಲಕಗಳಿಲ್ಲ. ತಳದಲ್ಲಿ ಕೈಯೂರಿ ಕೂತ ಪ್ರಾಣಿಗೆ ಮೈ ಅಲುಗಿಸದೆ ತಲೆ ಹೊರಳಿಸುವುದು ಬಹಳ ದೊಡ್ಡ ಅನುಕೂಲ. ಜೊತೆಗೆ ಮೊಸಳೆಯದರಂತೆ ಚಪ್ಪಟೆಯಾದ ತಲೆ, ಅದರ ಮೇಲ್ಭಾಗದಲ್ಲಿ ಕಣ್ಣು. ನೀರಿನ ಮೇಲೆ ನಡೆಯುವುದನ್ನೂ ಅದು ನೋಡುತ್ತಿತ್ತು.

ಉಳಿದ ಎರಡು ವಾಕ್ಯಗಳನ್ನು ಬೇಗ ಮುಗಿಸುತ್ತೇನೆ. ಶ್ವಾಸಕೋಶ ನೆಲದ ಬದುಕಿಗಿಂತ ಎಷ್ಟೋ ಹಳೆಯದು. ಮೂಳೆಮೀನುಗಳ ಪೂರ್ವಜರಲ್ಲೇ ಇತ್ತು, ಆಫ್ರಿಕಾದ ಬಿಚಿರ್ ಮೀನಿನಲ್ಲಿ ಇಂದಿಗೂ ಇದೆ. ಮೀನು ತೇಲಲು ನೆರವಾಗುವ ಗಾಳಿಚೀಲವೇ ಶ್ವಾಸಕೋಶವಾಯಿತು ಎಂದು ಡಾರ್ವಿನ್ 1859ರಲ್ಲಿ ಊಹಿಸಿದ್ದರು. ಈಗಿನ ತಿಳಿವಳಿಕೆ ತಿರುಗಾಮುರುಗ: ಹಳೆಯದು ಶ್ವಾಸಕೋಶ, ಗಾಳಿಚೀಲ ಅದರಿಂದ ಬಂದದ್ದು. ಕಿವಿಯ ಮೂಳೆಯೂ ಹಾಗೆಯೇ. ನಿನ್ನ ಕಿವಿಯೊಳಗಿನ ಪುಟ್ಟ ರಿಕಾಪು ಮೂಳೆ ಮೀನಿನಲ್ಲಿ ದವಡೆಯನ್ನು ತಲೆಬುರುಡೆಗೆ ಆನಿಸಿ ಹಿಡಿಯುತ್ತಿತ್ತು, ಕಿವಿರಿಗೆ ನೀರು ದೂಡಲು ನೆರವಾಗುತ್ತಿತ್ತು. ಅಕಾಂಥೊಸ್ಟೆಗಾದಲ್ಲಿ ಅದು ಇನ್ನೂ ದಪ್ಪನೆಯ ಮೋಟು ಮೂಳೆ. ಕಿವಿತಮಟೆ ಬಂದದ್ದು ಬಹಳ ತಡವಾಗಿ, ಅದೂ ಬೇರೆ ಬೇರೆ ವಂಶಗಳಲ್ಲಿ ಬೇರೆ ಬೇರೆಯಾಗಿ. ನಿನ್ನ ಮೂರು ವಾಕ್ಯಗಳನ್ನೂ ಒಂದೇ ಬಗೆಯಲ್ಲಿ ತಿದ್ದಬಹುದು: ಪ್ರತಿ ಅಂಗಕ್ಕೂ ಆಗ ಇದ್ದ ಉದ್ಯೋಗವನ್ನು ಮೊದಲು ಹೇಳು, ನಂತರ ಸಿಕ್ಕ ಉದ್ಯೋಗವನ್ನು ನಂತರ.

ಇನ್ನು ಕಪ್ಪೆ. ‘ಅರ್ಧ ದಾರಿಯಲ್ಲೇ ನಿಂತುಹೋದ ಜೀವಿ’ ಎಂದು ನೀನು ಬರೆದಿರುವುದನ್ನು ಓದಿ ನನಗೆ ಸಿಟ್ಟೇ ಬಂತು. ಕಪ್ಪೆ ನಮ್ಮ ಅಜ್ಜನಲ್ಲ. ಇಕ್ಥಿಯೊಸ್ಟೆಗಾದ ಕಾಲದಿಂದ ನಮ್ಮ ವಂಶ ಎಷ್ಟು ದೂರ ಬಂದಿದೆಯೋ ಅದರ ವಂಶವೂ ಅಷ್ಟೇ ದೂರ ಬಂದಿದೆ. ಇಂದು ಭೂಮಿಯ ಮೇಲೆ 8,000ಕ್ಕೂ ಹೆಚ್ಚು ಬಗೆಯ ಉಭಯವಾಸಿಗಳಿವೆ; ನಿಂತುಹೋದವರ ಸಂಸಾರ ಇಷ್ಟು ದೊಡ್ಡದಾಗಿರುವುದಿಲ್ಲ. ಮಳೆಗಾಲದಲ್ಲಿ ಬಚ್ಚಲ ಮೂಲೆಗೆ ಬಂದು ಕೂರುವ ಕಪ್ಪೆಯ ಗಂಟಲನ್ನು ಸ್ವಲ್ಪ ಹೊತ್ತು ನೋಡು. ಅದು ಮಿಡಿಯುತ್ತಲೇ ಇರುತ್ತದೆ. ಉಸಿರು ಎಳೆಯಲು ಪಕ್ಕೆಲುಬಿನ ಎದೆಗೂಡು ಕಪ್ಪೆಗಿಲ್ಲ. ಬಾಯಿಯ ತಳವನ್ನು ಇಳಿಸಿ ಮೂಗಿನಿಂದ ಗಾಳಿ ತುಂಬಿಕೊಂಡು, ತಳವನ್ನೆತ್ತಿ ಶ್ವಾಸಕೋಶಕ್ಕೆ ದೂಡುತ್ತದೆ. ಇಂಗಾಲದ ಡೈ ಆಕ್ಸೈಡ್‌ನ ಬಹುಪಾಲು ಚರ್ಮದ ಮೂಲಕವೇ ಹೊರಗೆ ಹೋಗುತ್ತದೆ. ಆದ್ದರಿಂದ ಚರ್ಮ ತೆಳುವಾಗಿಯೇ, ಒದ್ದೆಯಾಗಿಯೇ ಇರಬೇಕು. ಹಲ್ಲಿಯಂತೆ ಒಣ ಹುರುಪೆ ಹೊದ್ದರೆ ಕಪ್ಪೆ ಬದುಕುವುದಿಲ್ಲ. ಈ ಕೊಂಡಿಯನ್ನು ಬಿಡಿಸಿ ಬರೆದರೆ ಒಂದು ಪ್ಯಾರಾ ತಾನಾಗಿ ಎದ್ದು ನಿಲ್ಲುತ್ತದೆ.

ಮೊಟ್ಟೆಯ ವಿಷಯದಲ್ಲಂತೂ ಕಪ್ಪೆಗಳು ಮಾಡದ ಪ್ರಯೋಗವಿಲ್ಲ, ನೋಡಲು ನೀನು ದೂರ ಹೋಗಬೇಕಿಲ್ಲ. ಉತ್ತರ ಕನ್ನಡದ ಕತ್ತಲೆಕಾನಿನಂಥ ಕಾಡುಗಳ ಝರಿಗಳ ಬಳಿ ಕುಂಬಾರ ಕಪ್ಪೆ ಇದೆ, ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಅದನ್ನು ಹೊಸ ಪ್ರಭೇದವೆಂದು ವಿವರಿಸಿದರು. ಹೆಣ್ಣು ನೀರಿನ ಮೇಲೆ ಚಾಚಿದ ಕಡ್ಡಿಗೆ ಮೊಟ್ಟೆ ಅಂಟಿಸಿ ಹೋದ ಮೇಲೆ ಗಂಡು ಮುಂಗೈಯಲ್ಲಿ ಕೆಸರು ಬಾಚಿ ತಂದು ಅವಕ್ಕೆ ಮೆತ್ತುತ್ತದೆ. ಮೊಟ್ಟೆ ಒಣಗದಿರಲು, ಶತ್ರುಗಳ ಕಣ್ಣಿಗೆ ಬೀಳದಿರಲು ಈ ಲೇಪ ನೆರವಾಗುತ್ತದೆಂಬುದು ಸಂಶೋಧಕರ ಊಹೆ. ಮಲಬಾರ್ ಹಾರುವ ಕಪ್ಪೆ ನೀರಿನ ಮೇಲೆ ಬಾಗಿದ ಎಲೆಗಳಲ್ಲಿ ನೊರೆಯ ಗೂಡು ಕಟ್ಟುತ್ತದೆ. ಪೊದೆಗಪ್ಪೆಗಳು ಗೊದಮೊಟ್ಟೆಯ ಹಂತವನ್ನೇ ಬಿಟ್ಟಿವೆ, ಮೊಟ್ಟೆಯಿಂದ ನೇರವಾಗಿ ಪುಟಾಣಿ ಕಪ್ಪೆಯೇ ಹೊರಬರುತ್ತದೆ. ಇಂಡಿರಾನಾ ಕಪ್ಪೆಯ ಗೊದಮೊಟ್ಟೆಗಳು ಒದ್ದೆ ಬಂಡೆಗೆ ಅಂಟಿಕೊಂಡು ಬದುಕುತ್ತವೆ. ಇವಕ್ಕೆ ಎರಡು ಪ್ಯಾರಾ ಕೊಡು, ನಾಲ್ಕು ಕೊಟ್ಟರೂ ಜಗಳವಿಲ್ಲ.

ಸರೀಸೃಪ, ಹಕ್ಕಿ, ಸಸ್ತನಿಗಳ ಪೂರ್ವಜರು ಹಿಡಿದದ್ದು ಇನ್ನೊಂದು ದಾರಿ. ಮೊಟ್ಟೆಯೊಳಗೆ ಕೊಳವಿದೆ ಎಂಬ ಹೋಲಿಕೆ ನಿನ್ನಲ್ಲೂ ಇದೆ; ಎಲ್ಲರೂ ಬರೆದು ಸವೆಸಿದ್ದಾರೆ, ಬಿಡು. ಅದರ ಬದಲು ಪೊರೆಗಳ ಕೆಲಸ ಹೇಳು: ಒಂದು ಭ್ರೂಣವನ್ನು ದ್ರವದಲ್ಲಿಡುತ್ತದೆ, ಒಂದು ಆಹಾರವನ್ನು ಸುತ್ತುವರಿದಿದೆ, ಒಂದು ಕಸ ಕೂಡಿಡುತ್ತದೆ. ಆ ಕಸದ ಸಂಗತಿ ಬಹಳ ಸ್ವಾರಸ್ಯದ್ದು. ಗೊದಮೊಟ್ಟೆ ಅಮೋನಿಯಾ ಹೊರಹಾಕುತ್ತದೆ; ಅದು ವಿಷ, ತೊಳೆದುಹಾಕಲು ಹೇರಳ ನೀರು ಬೇಕು. ಬೆಳೆದ ಕಪ್ಪೆ ಅದನ್ನು ಯೂರಿಯಾ ಮಾಡಿಕೊಂಡು ನೀರು ಉಳಿಸುತ್ತದೆ. ಹಲ್ಲಿ ಮತ್ತು ಹಕ್ಕಿಗಳು ಯೂರಿಕ್ ಆಮ್ಲ ಮಾಡುತ್ತವೆ, ಅದಕ್ಕೆ ನೀರು ಬೇಡವೇ ಬೇಡ ಎನ್ನುವಷ್ಟು ಕಡಿಮೆ ಸಾಕು. ನಿನ್ನ ಮನೆಯ ಗೋಡೆಯ ಬುಡದಲ್ಲಿ ಬಿದ್ದ ಹಲ್ಲಿಯ ಹಿಕ್ಕೆಯ ತುದಿಯಲ್ಲಿ ಬಿಳಿ ಚುಕ್ಕೆಯಿದೆಯಲ್ಲ, ಅದೇ. ಪ್ರತಿದಿನ ಗುಡಿಸಿ ಎಸೆಯುವ ಓದುಗರಿಗೆ ಇದನ್ನು ಹೇಳದಿದ್ದರೆ ಹೇಗೆ?

ಕೊನೆಯದಾಗಿ, ‘ಮೊತ್ತಮೊದಲು ನೆಲದ ಮೇಲೆ ನಡೆದ ಪ್ರಾಣಿ’ ಎಂದು ಯಾವುದಕ್ಕೂ ಪಟ್ಟ ಕಟ್ಟಬೇಡ. ಪೋಲೆಂಡ್‌ನ ಜಕೆಲ್ಮಿಯ ಹಳೆಯ ಕಲ್ಲುಗಣಿಯಲ್ಲಿ ಸುಮಾರು 39 ಕೋಟಿ ವರ್ಷ ಹಿಂದಿನ ಹೆಜ್ಜೆಗುರುತುಗಳಿವೆ ಎಂದು 2010ರಲ್ಲಿ ವರದಿಯಾಯಿತು. ಅವು ಟಿಕ್ಟಾಲಿಕ್‌ಗಿಂತಲೂ ಹಳೆಯವು. ಅವು ಹೆಜ್ಜೆಗಳೇ ಅಲ್ಲ, ಮೀನುಗಳು ತಳ ಕೆದಕಿದ ಗುಳಿಗಳು ಎನ್ನುವವರೂ ಇದ್ದಾರೆ. ಮೊಟ್ಟೆಯ ಕಥೆಗೂ ಇದೇ ಗತಿ. ಕೆನಡಾದ ಜಾಗಿನ್ಸ್‌ನಲ್ಲಿ ಪೊಳ್ಳು ಮರದ ಬೊಡ್ಡೆಗಳೊಳಗೆ ಸಿಕ್ಕಿದ, 31 ಕೋಟಿ ವರ್ಷಕ್ಕೂ ಹಳೆಯದಾದ ಹೈಲೊನೊಮಸ್ ಅತ್ಯಂತ ಹಳೆಯ ಸರೀಸೃಪವೆಂದು ಪುಸ್ತಕಗಳು ಹೇಳುತ್ತಿದ್ದವು. 2025ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದ ಕಲ್ಲುಹಲಗೆಯೊಂದರ ಮೇಲೆ ಸುಮಾರು 35.5 ಕೋಟಿ ವರ್ಷ ಹಿಂದಿನ ಉಗುರುಳ್ಳ ಪಾದಗಳ ಗುರುತು ಪ್ರಕಟವಾಯಿತು. ಉಗುರು ಸಾಮಾನ್ಯವಾಗಿ ಸರೀಸೃಪ ಮತ್ತು ಅದರ ಬಂಧುಗಳ ಲಕ್ಷಣ. ಆ ವ್ಯಾಖ್ಯಾನ ನಿಂತರೆ ಇಡೀ ವಂಶದ ವಯಸ್ಸು ನಾಲ್ಕು ಕೋಟಿ ವರ್ಷದಷ್ಟು ಹಿಂದೆ ಸರಿಯುತ್ತದೆ. ‘ಇದುವರೆಗೆ ಸಿಕ್ಕಿರುವುದರಲ್ಲಿ ಹಳೆಯದು’ ಎಂದು ಬರೆ. ಲೇಖನಕ್ಕೆ ಸ್ವಲ್ಪ ಹೆಚ್ಚು ಆಯುಸ್ಸು ಸಿಗುತ್ತದೆ.

ಮರುಬರಹ ಮಾಡುವಾಗ ಮೀನು, ಕಪ್ಪೆ, ಹಲ್ಲಿ, ಮಂಗ, ಮನುಷ್ಯ ಎಂದು ಸಾಲಾಗಿ ಮೆರವಣಿಗೆ ಹೊರಟ ಚಿತ್ರವನ್ನು ಕೈಬಿಡು. ಪುರವಣಿಯ ಕಲಾವಿದರಿಂದ ಅಕಾಂಥೊಸ್ಟೆಗಾದ ಮುಂಗಾಲನ್ನು ಬರೆಸು. ಅಚ್ಚಿಗೆ ಹೋಗುವ ಮೊದಲು ಬೆರಳುಗಳನ್ನು ನೀನೇ ಎಣಿಸಿ ನೋಡು. ಅಭ್ಯಾಸಬಲದಿಂದ ಅವರು ಐದು ಬರೆದುಬಿಡುತ್ತಾರೆ.

ನಿನ್ನ ಅಣ್ಣ