ಮಾನ್ಯ ಆರೋಗ್ಯ ಸಚಿವರೇ, ಹಿಮ್ಮಡಿಯ ಎರಡು ಹನಿ ರಕ್ತ ಸಾಕಿತ್ತು

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ಏಳು ವರ್ಷದಿಂದ ಈ ಪತ್ರ ಬರೆಯಬೇಕು ಅಂತಿದ್ದೆ. ಹೋಗಲಿ ಬಿಡು ಅಂತ ಸುಮ್ನಾಗುತ್ತಿದ್ದೆ. ಹೋದ ವಾರ ನನ್ನ ನಾದಿನಿ ತಾಲ್ಲೂಕು ಆಸ್ಪತ್ರೆಗೆ ಚೆಕಪ್‌ಗೆ ಹೋಗಿದ್ದಳು. "ಮಗು ಹುಟ್ಟಿದ ಮೇಲೆ ಥೈರಾಯ್ಡ್ ಪರೀಕ್ಷೆ ಮಾಡ್ತೀರಾ?" ಅಂತ ಕೇಳಿದಳಂತೆ. "ಅದೆಲ್ಲ ಇಲ್ಲಿಲ್ಲ, ಬೇಕಾದ್ರೆ ಹೊರಗೆ ಮಾಡಿಸ್ಕೊಳ್ಳಿ" ಅಂದರಂತೆ. ನನ್ನ ಮಗಳು ಹುಟ್ಟಿದ್ದೂ ಅಲ್ಲೇ. ಇನ್ನು ಸುಮ್ನಿರಲು ನನ್ನಿಂದ ಆಗುವುದಿಲ್ಲ.

ಕೇಳುವುದು ಒಂದೇ. ಸರ್ಕಾರಿ ಆಸ್ಪತ್ರೆಯಲ್ಲಿ ಹುಟ್ಟುವ ಪ್ರತಿ ಮಗುವಿಗೂ ಥೈರಾಯ್ಡ್ ಪರೀಕ್ಷೆ ಆಗಬೇಕು.

ನನ್ನ ಮಗಳು ಹುಟ್ಟಿದಾಗ ಮೂರು ಕೆಜಿ ಇದ್ದಳು. ಎಲ್ಲ ಸರಿ ಇದೆ ಅಂತ ಮನೆಗೆ ಕಳಿಸಿದರು. ಕಾಮಾಲೆ ಇಳಿಯಲೇ ಇಲ್ಲ. ಎಳೆ ಬಿಸಿಲಿಗೆ ಹಿಡಿಯಿರಿ ಅಂದರು, ಹಿಡಿದೆವು. ಅವಳು ಅಳುತ್ತಲೇ ಇರಲಿಲ್ಲ. ಹಾಲಿಗೂ ನಾವೇ ಎಬ್ಬಿಸಬೇಕಿತ್ತು. ಬಂದವರೆಲ್ಲ "ಎಂಥ ಸಾಧು ಮಗು, ನಿನ್ನ ಪುಣ್ಯ" ಅನ್ನುತ್ತಿದ್ದರು. ನಾನೂ ಹಿಗ್ಗಿದ್ದೆ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಹೊಕ್ಕುಳು ಉಬ್ಬಿತು. ಅತ್ತೆ ಅದರ ಮೇಲೆ ಐದು ರೂಪಾಯಿ ನಾಣ್ಯ ಇಟ್ಟು ಬಟ್ಟೆ ಕಟ್ಟಿದರು. ನಾಲಿಗೆ ದಪ್ಪಗಾಗಿ ತುಟಿಯಿಂದ ಹೊರಗೇ ಇರುತ್ತಿತ್ತು. ಲಸಿಕೆಗೆ ಹೋದಾಗಲೆಲ್ಲ ಹೇಳಿದೆ. "ಮೊದಲನೇ ಮಗು ಅಲ್ವಾ, ಗಾಬರಿ ಜಾಸ್ತಿ" ಅಂದು ಕಳಿಸಿದರು.

ಐದು ತಿಂಗಳಾದರೂ ಕತ್ತು ನಿಲ್ಲಲಿಲ್ಲ. ಸಾಲ ಮಾಡಿ ದೊಡ್ಡ ಊರಿಗೆ ಕರೆದುಕೊಂಡು ಹೋದೆವು. ರಕ್ತ ಪರೀಕ್ಷೆ ಮಾಡಿಸಿದರು. 10ರೊಳಗೆ ಇರಬೇಕಾದ ಟಿಎಸ್‌ಹೆಚ್ ಅನ್ನುವ ಹಾರ್ಮೋನು 100 ದಾಟಿತ್ತು.

ಅಲ್ಲಿನ ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಕತ್ತಿನ ಮುಂದೆ ಚಿಟ್ಟೆಯಂಥ ಒಂದು ಗ್ರಂಥಿ. ಅದೇ ಥೈರಾಯ್ಡ್. ಊಟದಲ್ಲಿನ ಅಯೋಡಿನ್ ಹಿಡಿದು ಅದು ಥೈರಾಕ್ಸಿನ್ ಅನ್ನುವ ಹಾರ್ಮೋನು ಮಾಡುತ್ತದೆ. ಮೈ ಬಿಸಿ, ಎದೆಬಡಿತ, ಬೆಳವಣಿಗೆ ಎಲ್ಲಕ್ಕೂ ಅದು ಬೇಕು. ಮೊದಲ ಎರಡು ಮೂರು ವರ್ಷ ಮಿದುಳು ಬೆಳೆಯೋಕೆ ಬೇಕೇ ಬೇಕು. ಅದು ಸಾಲದಿದ್ದರೆ ಮಿದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿ "ಇನ್ನೂ ಮಾಡು, ಇನ್ನೂ ಮಾಡು" ಅಂತ ಟಿಎಸ್‌ಹೆಚ್ ಕಳಿಸುತ್ತದೆ. ನನ್ನ ಮಗಳಿಗೆ ಥೈರಾಯ್ಡ್ ಗ್ರಂಥಿಯೇ ಬೆಳೆದಿರಲಿಲ್ಲ. ಐದು ತಿಂಗಳು ಅವಳ ಮೈ ಕೂಗಿಕೊಂಡೇ ಇತ್ತು, ಕೇಳುವವರು ಇರಲಿಲ್ಲ.

ಹುಟ್ಟಿದಾಗ ಇಂಥ ಮಕ್ಕಳು ಚೆನ್ನಾಗೇ ಕಾಣುತ್ತಾರೆ. ಹೊಟ್ಟೆಯಲ್ಲಿದ್ದಾಗ ತಾಯಿಯ ಥೈರಾಕ್ಸಿನ್ ಸ್ವಲ್ಪ ಸಿಕ್ಕಿರುತ್ತದೆ. ಅದಕ್ಕೇ ಕಣ್ಣಲ್ಲಿ ನೋಡಿದರೆ ಸಾಲದು, ಪರೀಕ್ಷೆಯೇ ಆಗಬೇಕು. ಎರಡು ಮೂರು ದಿನದ ಮಗುವಿನ ಹಿಮ್ಮಡಿ ಚುಚ್ಚಿ ಎರಡು ಹನಿ ರಕ್ತ ತೆಗೆದರೆ ಸಾಕು. ಬೇಗ ಮನೆಗೆ ಕಳಿಸುವುದಾದರೆ ಹೊಕ್ಕುಳಬಳ್ಳಿಯ ರಕ್ತವೂ ಆಗುತ್ತದೆ. ಎರಡು ವಾರದೊಳಗೆ ಥೈರಾಕ್ಸಿನ್ ಮಾತ್ರೆ ಶುರುವಾದರೆ ಮಗು ಎಲ್ಲರಂತೆ ಬೆಳೆಯುತ್ತದೆ. ದಿನಕ್ಕೊಂದು ಸಣ್ಣ ಮಾತ್ರೆ, ಪುಡಿ ಮಾಡಿ ಚಮಚದಲ್ಲಿ ಎದೆಹಾಲಿಗೆ ಬೆರೆಸಿ ಕುಡಿಸುವುದು. ಅಷ್ಟೇ.

ಇದು ನಿಮಗೆ ಗೊತ್ತಿಲ್ಲದ್ದಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ 30 ಕಾಯಿಲೆಗಳ ಪಟ್ಟಿಯ ಕೊನೆಯಲ್ಲಿ ಹುಟ್ಟಿನಿಂದಲೇ ಬರುವ ಈ ಥೈರಾಯ್ಡ್ ಕೊರತೆಯೂ ಇದೆ. ಪಕ್ಕದಲ್ಲಿ 'ಐಚ್ಛಿಕ' ಅಂತ ಬರೆದಿದೆ. ಯಾರ ಇಚ್ಛೆ ಸ್ವಾಮಿ? ಹಾಲಿಗೂ ಎಚ್ಚರವಾಗದ ಕೂಸಿನ ಇಚ್ಛೆಯಾ? ಪೋಲಿಯೊ ಹನಿ, ಬಿಸಿಜಿ ಯಾರೂ ಕೇಳದೆಯೇ ಹಾಕುತ್ತೀರಿ, ಒಳ್ಳೆಯದೇ. ಇದನ್ನೂ ಹಾಗೇ ಮಾಡಿ. ಪಕ್ಕದ ಕೇರಳದ ಸರ್ಕಾರಿ ಆಸ್ಪತ್ರೆಗಳಲ್ಲಿ ಮಾಡುತ್ತಿದ್ದಾರೆ. ಕೆನಡಾದ ಕ್ವಿಬೆಕ್‌ನಲ್ಲಿ 1974ರಲ್ಲೇ ಶುರುವಾಗಿತ್ತು.

ಮಗಳಿಗೆ ಈಗ ಏಳು ವರ್ಷ. ಮಾತು ಬಂದದ್ದು ತಡ. ಎರಡನೇ ಕ್ಲಾಸಿನಲ್ಲಿದ್ದಾಳೆ, ಪ ಬರೆಯಲು ಹೇಳಿದರೆ ಷ ಬರೆಯುತ್ತಾಳೆ, ಆಮೇಲೆ ನನ್ನ ಮುಖ ನೋಡುತ್ತಾಳೆ. ಬೆಳಿಗ್ಗೆ ಆರಕ್ಕೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ. ಬಾಟಲಿ ತಾನೇ ತರುತ್ತಾಳೆ, ಒಂದು ದಿನವೂ ಹಟ ಮಾಡಿಲ್ಲ.

ಮತ್ತೆ ಕೇಳುತ್ತೇನೆ. ಪ್ರತಿ ಮಗುವಿಗೂ ಪರೀಕ್ಷೆ ಆಗಬೇಕು, ವರದಿ ವಾರದೊಳಗೆ ತಾಯಿಯ ಕೈಗೆ ಬರಬೇಕು, ಮಾತ್ರೆ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗಬೇಕು.

ನಾದಿನಿಗೆ ಮುಂದಿನ ತಿಂಗಳು ಹೆರಿಗೆ. ಅವಳ ಮಗುವಿಗೆ ಈ ಪರೀಕ್ಷೆ ಮಾಡುತ್ತೀರಾ, ಇಲ್ಲವಾ? ಅಷ್ಟರೊಳಗೆ ಉತ್ತರ ಕೊಡಿ.

ಇಂತಿ,
ಒಬ್ಬ ತಾಯಿ