‘ಒಸಿ’ ಅಂದರೆ ಎಷ್ಟು ಹೊತ್ತು?

ಮಾನ್ಯ ಸಂಪಾದಕರೇ,

ನಮ್ಮ ಮಂಡ್ಯದ ಕಡೆ ‘ಒಸಿ’ ಅನ್ನುವ ಮಾತಿಲ್ಲದೆ ದಿನ ಸಾಗುವುದಿಲ್ಲ. ಒಸಿ ಸಾರು ಬಿಡು, ಒಸಿ ಜರುಗು, ಒಸಿ ತಾಳು. ನನ್ನ ಹತ್ತಿರ ಬರುವವರದ್ದು ಮಾತ್ರ ಒಂದೇ ಪಲ್ಲವಿ: ‘ಒಸಿ ಈ ಕಂಪ್ಯೂಟ್ರು ನೋಡ್ಕೊಡವ್ವ.’ ಹೋದ ತಿಂಗಳು ಅಂಥ ಒಂದು ‘ಒಸಿ’ ನನ್ನ ಮೂರು ರಾತ್ರಿ ನುಂಗಿತು. ಅದಕ್ಕೇ ಈ ಪತ್ರ. ಉದ್ದ ಜಾಸ್ತಿಯಾದರೆ ಕತ್ತರಿ ನಿಮ್ಮ ಕೈಯಲ್ಲೇ ಇದೆ.

ನಾನು ವಿದ್ಯಾನಗರದವಳು. ಬೆಂಗಳೂರಿನ ಒಂದು ಕಂಪನಿಗೆ 13 ವರ್ಷದಿಂದ ಪ್ರೋಗ್ರಾಂ ಬರೆಯುತ್ತಿದ್ದೇನೆ. ವಿಮೆ ಕ್ಲೇಮ್ ಬಂದಾಗ ಯಾರಿಗೆ ಎಷ್ಟು ದುಡ್ಡು ಸಲ್ಲಬೇಕು ಎಂದು ಲೆಕ್ಕ ಹಾಕುವ ಸಾಫ್ಟ್‌ವೇರ್ ನಮ್ಮದು. 2020ರ ಲಾಕ್‌ಡೌನ್‌ವರೆಗೆ ದಿನಾ ಬೆಳಗ್ಗೆ ರೈಲು ಹತ್ತುತ್ತಿದ್ದೆ. ಆಮೇಲೆ ಮನೆಯಿಂದಲೇ ಕೆಲಸ. ತಿಂಗಳಿಗೆ ಎರಡು ಸಲ ಹೋಗಿ ಮುಖ ತೋರಿಸಿ ಬಂದರೆ ಸಾಕು. ತೊಂದರೆ ಶುರುವಾಗಿದ್ದೇ ಆಗ. ರೈಲಿಗೆ ಓಡುವವಳನ್ನು ಯಾರೂ ನಿಲ್ಲಿಸುತ್ತಿರಲಿಲ್ಲ. ಈಗ ‘ಹೆಂಗೂ ಮನೇಲೇ ಇರ್ತೀಯಲ್ಲ’ ಎಂದು ಹೇಳಿಕೊಂಡೇ ಗೇಟು ತೆಗೆಯುತ್ತಾರೆ. ನಾನು ಮೀಟಿಂಗಿನಲ್ಲಿದ್ದರೆ ಜಗಲಿ ಮೇಲೆ ಕೂತು ಕಾಯುತ್ತಾರೆ. ಅವರಿಗೆ ಕಾಫಿ ಕೊಡುವುದೂ ನಾನೇ.

ನನ್ನ ಯಜಮಾನರದ್ದು ಬಿತ್ತನೆ ಬೀಜ, ಗೊಬ್ಬರದ ಅಂಗಡಿ. ಅಲ್ಲಿಗೆ ಹೋಗಿ ‘ಒಸಿ ಒಂದು ಮೂಟೆ ಯೂರಿಯಾ ಸುಮ್ನೆ ಕೊಡಪ್ಪ’ ಎಂದು ಇದುವರೆಗೆ ಯಾರೂ ಕೇಳಿಲ್ಲ. ಸಾಲ ಕೇಳುತ್ತಾರೆ, ಅದು ಬೇರೆ. ಸಾಲಕ್ಕೆ ಪುಸ್ತಕ ಇದೆ. ತಮಾಷೆ ಏನೆಂದರೆ, ಕಂಪ್ಯೂಟರ್ ತಂದವರಲ್ಲಿ ಅರ್ಧ ಜನ ಮೊದಲು ಕೇಳುವುದು ‘ನಿಮ್ಮ ಯಜಮಾನ್ರು ಇಲ್ವಾ?’ ಎಂದು. ನಮ್ಮ ಯಜಮಾನರು ಫೋನಿನಲ್ಲಿ ಅಲಾರಾಂ ಇಡಲೂ ನನ್ನನ್ನೇ ಕರೆಯುತ್ತಾರೆ.

ಇನ್ನೊಂದು ವಿಷಯ. ಪ್ರೋಗ್ರಾಂ ಬರೆಯುವುದು ಬೇರೆ, ಕಂಪ್ಯೂಟರ್ ರಿಪೇರಿ ಬೇರೆ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿ ಲೆಕ್ಕ ಬರೆಯುವವರನ್ನು ಕರೆದು, ‘ಕಬ್ಬು ಅರೆಯೋ ಮಿಲ್ಲು ನಿಂತೋಗಿದೆ, ಒಸಿ ಬಿಚ್ಚಿ ನೋಡಿ’ ಎಂದರೆ ಹೇಗಿರುತ್ತದೆ? ಆದರೂ ನೋಡುತ್ತೇನೆ. ಬೇಡ ಅನ್ನಲು ಬಾಯಿ ಬರುವುದಿಲ್ಲ. ಜೊತೆಗೆ, ಕೆಟ್ಟದ್ದು ಯಾಕೆ ಕೆಟ್ಟಿತು ಎಂದು ತಿಳಿಯುವ ಚಪಲ ನನಗೂ ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲ.

ಎದುರುಮನೆಯಲ್ಲಿ ನಿವೃತ್ತ ಮೇಷ್ಟ್ರು ಇದ್ದಾರೆ. ಒಂದು ದಿನ ‘ಇಂಟರ್‌ನೆಟ್ ಕೆಟ್ಟೋಗಿದೆ ಕಣಮ್ಮ’ ಎಂದು ಬಂದರು. ಹೋಗಿ ನೋಡಿದರೆ ಅದೇ ವೈಫೈನಲ್ಲಿ ಅವರ ಫೋನು ಚೆನ್ನಾಗೇ ಓಡುತ್ತಿದೆ. ಕಂಪ್ಯೂಟರಿನಲ್ಲಿ ಮಾತ್ರ ಯಾವ ಪುಟ ತೆರೆದರೂ ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ. ವೈರು ಕಿತ್ತು ಹಾಕಿದೆ. ಬ್ರೌಸರ್ ತೆಗೆದು ಹೊಸದು ಹಾಕಿದೆ. ಒಂದು ಗಂಟೆ ಹೋಯಿತು. ಮೇಷ್ಟ್ರ ಹೆಂಡತಿ ಎರಡನೇ ಸಲ ಕಾಫಿ ತಂದಿಟ್ಟರು. ಅದನ್ನು ತೆಗೆದುಕೊಳ್ಳಲು ಬಗ್ಗಿದಾಗ ಪರದೆಯ ಮೂಲೆ ಕಣ್ಣಿಗೆ ಬಿತ್ತು. ತಾರೀಕು 2012ರ ಜನವರಿ 1!

ಕಂಪ್ಯೂಟರ್ ಒಳಗೆ ನಾಣ್ಯದ ಹಾಗೆ ಒಂದು ಶೆಲ್ಲು ಇರುತ್ತದೆ. ಸಿಆರ್ 2032 ಅಂತ ಅದರ ಹೆಸರು. ಹೆಸರಲ್ಲೇ ಅಳತೆ ಇದೆ, 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಕರೆಂಟ್ ಇಲ್ಲದಾಗ ಗಡಿಯಾರ ಓಡಿಸುವುದು ಅದು. ಅದು ಸತ್ತರೆ ಕಂಪ್ಯೂಟರ್ ಪ್ರತಿ ಸಲ ಹಳೇ ತಾರೀಕಿನಲ್ಲೇ ಏಳುತ್ತದೆ. ಈಗ ಪ್ರತಿ ವೆಬ್‌ಸೈಟೂ ತಾನು ಅಸಲಿ ಎಂದು ಒಂದು ಸರ್ಟಿಫಿಕೇಟ್ ತೋರಿಸುತ್ತದೆ. ಇಂಥ ದಿನದಿಂದ ಇಂಥ ದಿನದವರೆಗೆ ನಡೆಯುತ್ತದೆ ಎಂದು ಅದರಲ್ಲಿ ಬರೆದಿರುತ್ತದೆ. 2012ರಲ್ಲಿ ಕೂತಿರುವ ಕಂಪ್ಯೂಟರಿನ ಪಾಲಿಗೆ ಈ ವರ್ಷದ ಸರ್ಟಿಫಿಕೇಟು ಇನ್ನೂ ಹುಟ್ಟೇ ಇಲ್ಲ. ಅದಕ್ಕೇ ಎಲ್ಲರನ್ನೂ ಕಳ್ಳರು ಅನ್ನುತ್ತಿತ್ತು. ಪೇಟೆಬೀದಿಯ ವಾಚ್ ಅಂಗಡಿಯಲ್ಲಿ 40 ರೂಪಾಯಿಗೆ ಶೆಲ್ಲು ಸಿಕ್ಕಿತು. ಹಾಕಿದೆ, ಸರಿಹೋಯಿತು. ನನಗೂ ಪರೀಕ್ಷೆ ಪಾಸಾದಷ್ಟು ಖುಷಿ.

ಎರಡು ದಿನ ಬಿಟ್ಟು ಮೇಷ್ಟ್ರು ಮತ್ತೆ ಬಂದರು. ‘ನೀನು ಕೈ ಹಾಕಿದ ಮೇಲೆ ಪ್ರಿಂಟರ್ ಬರ್ತಾ ಇಲ್ಲ ಕಣಮ್ಮ.’ ಪ್ರಿಂಟರನ್ನು ಅವರು ಬಳಸಿ ಆರು ತಿಂಗಳಾಗಿತ್ತು. ಇಂಕು ಒಣಗಿ ಕಟ್ಟಿಕೊಂಡಿತ್ತು. ಶೆಲ್ಲಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಆದರೆ ಈ ದಂಧೆಯಲ್ಲಿ ಕೊನೆಗೆ ಮುಟ್ಟಿದವರೇ ಹೊಣೆ. ಒಂದು ಸಲ ಮುಟ್ಟಿದಿರಾ, ಆ ಮನೆಯಲ್ಲಿ ಮುಂದೆ ಟಿ.ವಿ. ರಿಮೋಟ್ ಕೆಟ್ಟರೂ ನಿಮ್ಮದೇ ಕೈಗುಣ.

ಮೂರು ರಾತ್ರಿ ನುಂಗಿದ್ದು ನನ್ನ ಸೋದರಮಾವನ ಊರಿನ ದೇವಸ್ಥಾನದ ಸ್ಮರಣ ಸಂಚಿಕೆ. 84 ಪುಟ. ಹತ್ತು ಹನ್ನೆರಡು ವರ್ಷದ ಹಿಂದೆ ‘ನುಡಿ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿಸಿದ್ದರು. ಈಗ ತಿದ್ದಿ ಮತ್ತೆ ಅಚ್ಚು ಹಾಕಿಸಬೇಕು, ವಾಟ್ಸ್‌ಆ್ಯಪ್‌ನಲ್ಲೂ ಹಂಚಬೇಕು. ಫೈಲ್ ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ. ಬರೀ ಇಂಗ್ಲಿಷ್ ಅಕ್ಷರ, ಕೆಲವಕ್ಕೆ ತಲೆ ಮೇಲೆ ಗೀಟು, ನಡುನಡುವೆ ಬ್ರಿಟಿಷರ ಪೌಂಡ್ ಗುರುತು. ‘ವೈರಸ್ಸು ಬಂದದೆ’ ಎಂದು ಮಾವನಿಗೆ ಯಾರೋ ಹೇಳಿದ್ದರು.

ವೈರಸ್ಸೂ ಇಲ್ಲ, ಏನೂ ಇಲ್ಲ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕನ್ನಡಕ್ಕೆ ಸ್ವಂತ ಮನೆ ಇರಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ನಮ್ಮ ಅಕ್ಷರದ ತುಂಡುಗಳನ್ನು ಬಾಡಿಗೆಗೆ ಕೂರಿಸಿದ್ದರು. ಪೌಂಡ್ ಗುರುತಿನ ಜಾಗದಲ್ಲಿ ಕೂತಿದ್ದು ನಮ್ಮ ‘ನ’. ಆ ಫಾಂಟ್ ಇದ್ದರೆ ನ ಕಾಣುತ್ತದೆ, ಇಲ್ಲದಿದ್ದರೆ ಪೌಂಡು. ಈಗಿನ ಯೂನಿಕೋಡ್, ಅಂದರೆ ಒಂದೊಂದು ಭಾಷೆಯ ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆ ಕೊಡುವ ಪದ್ಧತಿಯಲ್ಲಿ ಕನ್ನಡಕ್ಕೆಂದೇ 128 ಜಾಗ ತೆಗೆದಿಟ್ಟಿದ್ದಾರೆ, ಅಲ್ಲಿ ಈ ಗೋಳಿಲ್ಲ. ಹಳೆಯದನ್ನು ಹೊಸದು ಮಾಡುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಮತ್ತೆ ಮೂರು ರಾತ್ರಿ ಯಾಕೆ? ಯಾವುದು ನುಡಿ, ಯಾವುದು ನಿಜವಾದ ಇಂಗ್ಲಿಷ್ ಎಂದು ಪರಿವರ್ತಕಕ್ಕೆ ತಿಳಿಯುವುದಿಲ್ಲ. ದಾನಿಗಳ ಹೆಸರಿನ ಮುಂದೆ ಇಂಗ್ಲಿಷಿನಲ್ಲಿ ಹಾಕಿದ್ದ ಡಿಗ್ರಿ, ಕಂಪನಿ ಹೆಸರು, ಇ-ಮೇಲ್ ವಿಳಾಸ ಎಲ್ಲವೂ ಅರ್ಥವಿಲ್ಲದ ಕನ್ನಡವಾಗಿ ಹೊರಬಂದವು. ಅಲ್ಲಲ್ಲಿ ಅರ್ಕಾವತ್ತು ಜಾಗ ತಪ್ಪಿತು. ದಾನಿಗಳ ಪಟ್ಟಿಯೇ 19 ಪುಟ. ಅದರಲ್ಲಿ ಒಂದು ಹೆಸರು ತಪ್ಪಿದರೆ ಊರಲ್ಲಿ ಜಗಳ ಗ್ಯಾರಂಟಿ. ಹಳೇ ಪುಸ್ತಕ ಪಕ್ಕಕ್ಕಿಟ್ಟುಕೊಂಡು, ಮಗ ಮಲಗಿದ ಮೇಲೆ ಒಂದೊಂದೇ ಸಾಲು ನೋಡಿದೆ.

ಕೊಟ್ಟಾಗ ಮಾವ ಹೇಳಿದ್ದು: ‘ಅದೇನ್ ಬಟನ್ ಒತ್ತಿದ್ರೆ ಆಯ್ತದಂತಲ್ಲ, ಇಷ್ಟು ದಿನ ಯಾಕವ್ವ ಮಾಡ್ದೆ?’ ಅಚ್ಚು ಹಾಕಿದವರಿಗೆ ದುಡ್ಡು ಸಂದಿದೆ. ಬೈಂಡಿಂಗಿಗೆ ಸಂದಿದೆ. ಕೊನೇ ಪುಟದ ವಂದನೆಯಲ್ಲಿ ಕುರ್ಚಿ ಕಳಿಸಿದವರ ಹೆಸರೂ ಇದೆ. ನನಗೆ ಎರಡು ಪ್ರತಿ ಬಂತು, ಒಂದು ನನಗೆ, ಒಂದು ಅಮ್ಮನಿಗೆ.

ನನಗೆ ದುಡ್ಡು ಬೇಕಿರಲಿಲ್ಲ. ಮಾವನ ಕೈಯಿಂದ ದುಡ್ಡು ತಗೊಳ್ಳಲು ಆಗುತ್ತಾ? ಆದರೆ ಅವತ್ತಿನಿಂದ ನಮ್ಮ ಅಜ್ಜಿ ನೆನಪಾಗುತ್ತಿದ್ದಾರೆ. ನಮ್ಮದು ವಿಶ್ವೇಶ್ವರಯ್ಯ ನಾಲೆ ಬಯಲಿನ ಊರು. ನಾಟಿ ಕಾಲದಲ್ಲಿ ಕೂಲಿ ಕೊಟ್ಟು ಕರೆಯುವುದಕ್ಕಿಂತ ಮುಯ್ಯಾಳೇ ಹೆಚ್ಚು. ಇವತ್ತು ನಮ್ಮ ಗದ್ದೆಗೆ ನಿಮ್ಮ ಮನೆಯಿಂದ ಇಬ್ಬರು, ನಾಳೆ ನಿಮ್ಮ ಗದ್ದೆಗೆ ನಮ್ಮಿಂದ ಇಬ್ಬರು. ಅಜ್ಜಿಗೆ ಓದು ಬರಹ ಇರಲಿಲ್ಲ. ಆದರೆ ಯಾರ ಮನೆಗೆ ಎಷ್ಟು ಆಳು ಬಾಕಿ ಎಂಬುದು ಬಾಯಲ್ಲೇ ಇರುತ್ತಿತ್ತು. ‘ಮೇಗ್ಲಟ್ಟಿಯವ್ರಿಗೆ ಒಂದಾಳು ಕೊಡಬೇಕು, ಮಧ್ಯಾಹ್ನದಿಂದ ಬಂದಿದ್ದ ಆ ಹುಡುಗಿದು ಅರ್ಧ ಆಳು.’ ಅರ್ಧ ಆಳಿಗೂ ಲೆಕ್ಕ! ಈಗಲೂ ಮದುವೆಯಲ್ಲಿ ಮುಯ್ಯಿ ಬರೆಯುವ ಪುಸ್ತಕ ಇರುತ್ತದೆ. ಇಪ್ಪತ್ತು ವರ್ಷದ ಹಿಂದೆ 101 ರೂಪಾಯಿ ಹಾಕಿದವರನ್ನು ಹುಡುಕಿ, ಅವರ ಮಗಳ ಮದುವೆಗೆ ಹೋಗಿ ತೀರಿಸುವ ಜನ ನಾವು. ಅದೇ ಜನ ನನ್ನ ಮೂರು ರಾತ್ರಿಯನ್ನು ಯಾವ ಪುಸ್ತಕದಲ್ಲೂ ಬರೆದುಕೊಳ್ಳಲಿಲ್ಲ. ಕೆಟ್ಟ ಮನಸ್ಸಿನಿಂದಲ್ಲ. ಕೆಸರಲ್ಲಿ ಬಗ್ಗಿ ನಿಂತವಳ ಸೊಂಟ ನೋಯುವುದು ಎಲ್ಲರಿಗೂ ಗೊತ್ತು. ಕುರ್ಚಿ ಮೇಲೆ ಕೂತವಳು ಕೆಲಸ ಮಾಡಿದಳು ಎಂದು ಅವರ ಕಣ್ಣಿಗೆ ಕಾಣಲೇ ಇಲ್ಲ.

ಆ್ಯಪ್ ಮಾಡಿಕೊಡು ಅನ್ನುವವರದ್ದು ಇನ್ನೊಂದು ಥರ. ದೂರದ ಸಂಬಂಧದ ತಮ್ಮನೊಬ್ಬ ಆಲೆಮನೆ ಇಟ್ಟಿದ್ದಾನೆ. ಬೆಲ್ಲವನ್ನು ನೇರವಾಗಿ ಮನೆಗಳಿಗೆ ಮಾರುವ ಆ್ಯಪ್ ಬೇಕಂತೆ. ‘ಐಡಿಯಾ ನಂದು, ಮಾಡೋದು ನೀನು, ಬಂದಿದ್ರಲ್ಲಿ ಅರ್ಧ ಅರ್ಧ ಅಕ್ಕ. ನಿನಗೇನು ಒಂದು ಭಾನುವಾರದ ಕೆಲಸ.’ ಗೂಗಲ್ ಪ್ಲೇ ಸ್ಟೋರ್‌ನಲ್ಲಿ ಖಾತೆ ತೆರೆಯಲೇ 25 ಡಾಲರ್, ಆ್ಯಪಲ್‌ನಲ್ಲಿ ವರ್ಷ ವರ್ಷ 99 ಡಾಲರ್, ಮೇಲೆ ಸರ್ವರ್ ಬಾಡಿಗೆ ಎಂದೆ. ‘ಅದನ್ನೂ ನೀನೇ ಹಾಕ್ಕೊ, ಆಮೇಲೆ ಮುರ್ಕೊಳ್ಳೋಣ’ ಎಂದ. ಅವನ ಬೆಲ್ಲ ಒಳ್ಳೇದು. ವಾಟ್ಸ್‌ಆ್ಯಪ್‌ನಲ್ಲೇ ಆರ್ಡರ್ ತಗೋ ಎಂದು ಹೇಳಿ ಕಳಿಸಿದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತಲ್ಲ, ಆಮೇಲೆ ಕೇಳುವವರು ಇನ್ನೂ ಜಾಸ್ತಿಯಾದರು. ಹಳೇ ಕಂಪ್ಯೂಟರ್ ತಂದು ‘11 ಹಾಕು’ ಅನ್ನುತ್ತಾರೆ. ಅದಕ್ಕೆ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಬೇಕು, ಇದರಲ್ಲಿ ಇಲ್ಲ ಅಂದರೆ ‘ಕ್ರ್ಯಾಕ್ ಹಾಕ್ಬಿಡು’ ಅನ್ನುತ್ತಾರೆ. ಅಲ್ಲಿ ಮಾತ್ರ ನಾನು ಗಟ್ಟಿ. ಕದ್ದ ಸಾಫ್ಟ್‌ವೇರ್ ಜೊತೆ ಏನೇನು ಒಳಗೆ ಬರುತ್ತದೋ ಯಾರು ಬಲ್ಲರು. ನಾಳೆ ಅದೇ ಕಂಪ್ಯೂಟರಿನಲ್ಲಿ ಬ್ಯಾಂಕ್ ಪಾಸ್‌ವರ್ಡ್ ಹೊಡೆಯುವವರು ಅವರೇ.

ನೂರಡಿ ರಸ್ತೆಯಲ್ಲಿ ಒಬ್ಬ ಹುಡುಗ ರಿಪೇರಿ ಅಂಗಡಿ ಇಟ್ಟಿದ್ದಾನೆ. ನನ್ನ ಲ್ಯಾಪ್‌ಟಾಪಿನ ಮುಚ್ಚಳದ ಕೀಲು ಮುರಿದಾಗ ನಾನು ಹೋದದ್ದು ಅವನ ಹತ್ತಿರವೇ. ಇಪ್ಪತ್ತು ನಿಮಿಷ, 350 ರೂಪಾಯಿ. ಮೇಷ್ಟ್ರ ಗಡಿಯಾರದ ಕಥೆ ಹೇಳಿದೆ. ನಕ್ಕುಬಿಟ್ಟ. ‘ಅಕ್ಕ, ನಾವು ಮೊದ್ಲು ನೋಡೋದೇ ತಾರೀಕು.’ ನನಗೆ ಒಂದು ಗಂಟೆ ಹಿಡಿದದ್ದು ಅವನಿಗೆ ಎರಡು ನಿಮಿಷ. ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಸೇರಿಸಿದ: ‘ನಿಮ್ಮಂಥೋರು ಸುಮ್ನೆ ಮಾಡ್ಕೊಟ್ರೆ ನಮ್ಮ ಅಂಗಡಿಗೆ ಯಾರು ಬತ್ತಾರಕ್ಕ?’ ಇದು ನನಗೆ ಹೊಳೆದೇ ಇರಲಿಲ್ಲ. ನನ್ನ ಸಮಯ ಹೋಯಿತು ಎಂದು ಕೊರಗುತ್ತಿದ್ದೆ. ಅವನ ಬಾಡಿಗೆಯೂ ಅದರಲ್ಲೇ ಹೋಗುತ್ತಿತ್ತು. ಈಗ ಅವನ ಕಾರ್ಡು ನಮ್ಮ ಗೇಟಿನ ಹತ್ತಿರ ಒಂದು ಡಬ್ಬಿಯಲ್ಲಿದೆ. ಬಂದವರಿಗೆ ಕಾಫಿ ಜೊತೆ ಒಂದು ಕಾರ್ಡು. ಕೆಲವರು ಮುಖ ಗಂಟಿಕ್ಕಿಕೊಂಡು ಹೋಗಿದ್ದಾರೆ. ಚಿಕ್ಕಮ್ಮ ಒಬ್ಬರು ಹಬ್ಬಕ್ಕೆ ಕರೆಯಲಿಲ್ಲ.

ನಾನೂ ಸಾಚಾ ಏನಲ್ಲ. ಹೋದ ವರ್ಷ ಮದುವೆಯೊಂದರಲ್ಲಿ ಜೊತೆಗೆ ಓದಿದ ಡಾಕ್ಟರ್ ಗೆಳತಿ ಸಿಕ್ಕಿದಳು. ಊಟದ ಎಲೆ ಮುಂದೆಯೇ ಅಮ್ಮನ ಶುಗರ್ ರಿಪೋರ್ಟನ್ನು ಫೋನಿನಲ್ಲಿ ತೋರಿಸಿದೆ. ಪಾಪ, ಅವಳು ಪಾಯಸ ಪಕ್ಕಕ್ಕೆ ಸರಿಸಿ ಓದಿದಳು.

ಕಾರ್ಡು ಕೊಟ್ಟು ಕಳಿಸಲಾಗದ ಕೆಲಸವೂ ಇದೆ. ನಮ್ಮ ಬೀದಿಗೆ ಹೂವು ತರುವ ಅಮ್ಮ ಒಂದು ಸಂಜೆ ನಡುಗುತ್ತಾ ಬಂದರು. ವಾಟ್ಸ್‌ಆ್ಯಪ್‌ಗೆ ಮದುವೆ ಕರೆಯೋಲೆ ಎಂದು ಏನೋ ಬಂದಿತ್ತು. ಮಗ ಒತ್ತಿದ್ದಾನೆ. ಅದು ಕರೆಯೋಲೆ ಅಲ್ಲ, ಎಪಿಕೆ ಫೈಲು, ಅಂದರೆ ಫೋನಿಗೆ ನುಗ್ಗುವ ಆ್ಯಪ್. ಬ್ಯಾಂಕಿನಿಂದ ಬರುವ ಓಟಿಪಿ ಮೆಸೇಜುಗಳನ್ನು ಅದು ಕಳ್ಳರಿಗೆ ದಾಟಿಸಿತ್ತು. 18 ಸಾವಿರ ಹೋಗಿತ್ತು. ಮೊದಲು ಫೋನಿನ ಇಂಟರ್‌ನೆಟ್ ಆರಿಸಿದೆ. ನನ್ನ ಫೋನಿನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಬರೆಸಿದೆವು. ಬ್ಯಾಂಕಿಗೂ ಹೇಳಿ ಖಾತೆ ನಿಲ್ಲಿಸಿದೆವು. ಬೇಗ ಹೇಳಿದ್ದಕ್ಕೆ ಸ್ವಲ್ಪ ದುಡ್ಡು ದಾರಿಯಲ್ಲೇ ನಿಂತಿತು, ಉಳಿದದ್ದು ಹೋದಂತೆಯೇ. ಅವತ್ತು ನಾನು ಆಫೀಸಿನ ಮೀಟಿಂಗ್ ಬಿಟ್ಟೆ. ಬೇಜಾರಿಲ್ಲ. ಮರುದಿನದಿಂದ ಎಷ್ಟು ಬೇಡವೆಂದರೂ ಒಂದು ಮೊಳ ಮಲ್ಲಿಗೆ ಜಾಸ್ತಿ ಇಟ್ಟು ಹೋಗುತ್ತಾರೆ. ಅಜ್ಜಿ ಇದ್ದಿದ್ದರೆ ಆ ಮೊಳವನ್ನೂ ಲೆಕ್ಕಕ್ಕೆ ಬರೆದುಕೊಳ್ಳುತ್ತಿದ್ದರು.

ಈಗ ನನ್ನ ಬೇಡಿಕೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ, ಎಷ್ಟೋ ಕಡೆ ಕಂಪ್ಯೂಟರೂ ಬಂದಿವೆ. ಪಟ್ಟಣದಲ್ಲೂ ಗ್ರಂಥಾಲಯ ಇದೆ. ಅಲ್ಲಿ ವಾರಕ್ಕೆ ಎರಡು ಗಂಟೆ, ವಯಸ್ಸಾದವರಿಗೆ ಫೋನು, ಓಟಿಪಿ, ಬ್ಯಾಂಕಿನ ಆ್ಯಪ್ ಬಗ್ಗೆ ಹೇಳಿಕೊಡಲು ಒಬ್ಬರನ್ನು ಸಂಬಳ ಕೊಟ್ಟು ಕೂರಿಸಬಾರದೇ? ರಿಪೇರಿ ಅಂಗಡಿಯ ಆ ಹುಡುಗನಂಥವರನ್ನೇ ಕರೆಯಲಿ. ಅಧಿಕಾರಿಗಳು ಯೋಚಿಸುವವರೆಗೆ ತಿಂಗಳ ಎರಡನೇ ಮತ್ತು ನಾಲ್ಕನೇ ಭಾನುವಾರ ಬೆಳಗ್ಗೆ 10ರಿಂದ 12ರವರೆಗೆ ನಾನು ಬಂದು ಕೂರುತ್ತೇನೆ, ಒಂದು ಮೇಜು ಕೊಟ್ಟರೆ ಸಾಕು. ಫೋನು ತನ್ನಿ, ಬಂದ ಮೆಸೇಜು ತನ್ನಿ, ನುಡಿ ಫೈಲು ಬೇಕಾದರೂ ತನ್ನಿ. ಪ್ರಿಂಟರ್ ಮಾತ್ರ ಬೇಡ.

ಇಂತಿ,
ವಿದ್ಯಾನಗರದ ಒಬ್ಬ ಓದುಗಿ, ಮಂಡ್ಯ
(ಹೆಸರು ಹಾಕಬೇಡಿ. ಮಾವ ನಿಮ್ಮ ಪತ್ರಿಕೆ ತರಿಸುತ್ತಾರೆ.)